ಅಟ್ಟದ ಮೇಲಿನ ಮರಮುಟ್ಟು: ಮಾರುವ ಮುನ್ನ ಅಳತೆ ತಿಳಿಯಿರಿ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಬೋರ್ಡೊ ದ್ರಾವಣ, ಕೊಳೆರೋಗ, ಮೆಣಸಿನ ಧಾರಣೆ, ಸಾಲದ ಕಂತು ಇವುಗಳ ಬಗ್ಗೆ. ಈ ಸಲದ ವಿಷಯ ತೋಟದ್ದಲ್ಲ, ಮನೆಯದು. ಆದರೂ ಸಂಘದ ವಿಷಯವೇ ಎಂದು ನನ್ನ ಭಾವನೆ. ಏಕೆಂದರೆ ಕಳೆದ ಕೆಲವು ವರ್ಷಗಳಿಂದ ಮಗ್ಗೆಯ ಸುತ್ತಲಿನ ಹಳ್ಳಿಗಳಿಗೆ ಖಾಲಿ ಟೆಂಪೋ ತಂದು ತುಂಬಿಕೊಂಡು ಹೋಗುವವರ ಸಂಖ್ಯೆ ಹೆಚ್ಚಿದೆ. ಅವರು ಕಾಫಿಯನ್ನೂ ಕೇಳುವುದಿಲ್ಲ, ಅಡಿಕೆಯನ್ನೂ ಕೇಳುವುದಿಲ್ಲ. ಜಗಲಿಯಲ್ಲಿ ಕುಳಿತು ಒಂದು ಲೋಟ ನೀರು ಕೇಳುತ್ತಾರೆ. ನೀರು ಕುಡಿಯುವಾಗ ಕಣ್ಣು ಮಾತ್ರ ಮೇಲೆ, ತೊಲೆ ಜಂತೆಗಳ ಕಡೆಗೆ. ಆಮೇಲೆ, "ಅಟ್ಟದಲ್ಲಿ ಹಳೇದೇನಾದ್ರೂ ಇದೆಯಾ ಗೌಡ್ರೇ? ಸುಮ್ನೆ ಕುಟ್ಟೆ ಹಿಡಿದು ಹೋಗುತ್ತಲ್ಲ" ಎನ್ನುತ್ತಾರೆ.

ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಸೋರುವ ತೊಟ್ಟಿಮನೆಗೆ ವರ್ಷವರ್ಷ ಹೆಂಚು ಕೈಯಾಡಿಸುವ ಖರ್ಚು ಎಷ್ಟೆಂಬುದು ನಮಗೆಲ್ಲ ಗೊತ್ತು. ಹೆಂಚು ಕೈಯಾಡಿಸಲು ಬಲ್ಲ ಆಳೂ ಈಗ ಸಿಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಪಾಲಾಗಿದೆ, ಆರ್‌ಸಿಸಿ ಮನೆ ಎದ್ದಿದೆ. ಹಳೆಯದನ್ನು ಬಿಚ್ಚಲೇಬೇಕಾದ ಸಂದರ್ಭಗಳು ಇವೆ. ನಾನು ಹೇಳಹೊರಟಿರುವುದು ಇಷ್ಟೇ: ಕಾಫಿಯನ್ನು ತೇವ ನೋಡದೆ, ತೂಕ ಮಾಡದೆ, ಔಟ್‌ಟರ್ನ್ ತಿಳಿಯದೆ ಯಾರಿಗೂ ಕೊಡದ ನಾವು ನಾಲ್ಕು ತಲೆಮಾರಿನ ಮರಮುಟ್ಟನ್ನು ಒಟ್ಟು ಲೆಕ್ಕಕ್ಕೆ, ಕಣ್ಣಂದಾಜಿನಲ್ಲಿ ಕೊಟ್ಟುಬಿಡುತ್ತಿದ್ದೇವೆ.

ಮೊದಲು ನನ್ನದೇ ದಡ್ಡತನ ಹೇಳಿಬಿಡುತ್ತೇನೆ. 2009ರಲ್ಲಿ ನಾವು ಅಣ್ಣತಮ್ಮಂದಿರು ಪಾಲಾದಾಗ ಅಜ್ಜನ ಕಾಲದ ತೊಟ್ಟಿಮನೆಯ ಹಿಂಭಾಗವನ್ನು ಬಿಚ್ಚಿದೆವು. ತೊಟ್ಟಿಯ ಸುತ್ತ 14 ಕಂಬಗಳಿದ್ದವು. ಬುಡದಲ್ಲಿ ಚೌಕ, ನಡುವೆ ಕಡೆದ ಗುಂಡು, ಮೇಲೆ ಹೂವಿನ ಬೋದಿಗೆ. ನಮ್ಮ ಬೇಲೂರು ಹಳೇಬೀಡುಗಳಲ್ಲಿ ಕಲ್ಲನ್ನು ಕಡೆದು ಮಾಡಿದ ಕಂಬಗಳನ್ನು ನೋಡಿದವರಿಗೆ ಆ ಗುಂಡುಗಳ ನೆನಪಾಗದೆ ಇರದು. ಒಬ್ಬ ವ್ಯಾಪಾರಿ ಬಂದು, "ಹಲಸಿನ ಕಂಬ, ಬುಡ ಹೋಗಿದೆ, ಒಂದಕ್ಕೆ ಎರಡು ಸಾವಿರ" ಎಂದ. 28 ಸಾವಿರ ಎಣಿಸಿಕೊಂಡು ಮೂವರೂ ಹಂಚಿಕೊಂಡೆವು. ಎರಡು ವರ್ಷ ಕಳೆದ ಮೇಲೆ ಮಗಳ ಕಾಲೇಜು ಪ್ರವೇಶಕ್ಕೆ ಬೆಂಗಳೂರಿಗೆ ಹೋದಾಗ ನೆಂಟರ ಜೊತೆ ಒಂದು ದೊಡ್ಡ ಪೀಠೋಪಕರಣದ ಅಂಗಡಿಗೆ ಹೋದೆ. ಅಲ್ಲಿ ಒಂದು ಜೊತೆ ಕಂಬ ನಿಲ್ಲಿಸಿದ್ದರು. ಒಂದರ ಚೌಕದ ಮೇಲೆ ನಾನು ಎಂಟನೇ ವಯಸ್ಸಿನಲ್ಲಿ ಕುಡುಗೋಲಿನ ಮೊನೆಯಿಂದ ಕೆತ್ತಿದ್ದ ನನ್ನ ಹೆಸರಿನ ಮೊದಲ ಅಕ್ಷರ ಹಾಗೇ ಇತ್ತು. ಬೆಲೆಯ ಚೀಟಿ: ಒಂದಕ್ಕೆ 38 ಸಾವಿರ. ಹಲಸು ಎಂದವನ ಮಾತು ಅಷ್ಟರಮಟ್ಟಿಗೆ ಸುಳ್ಳಲ್ಲ, ನಾಲ್ಕು ಕಂಬ ಹಲಸಿನವೇ. ಉಳಿದ ಹತ್ತು ಹೊನ್ನೆ. ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಪಟ್ಟಣದಲ್ಲಿ ಏನು ನಡೆಯುತ್ತಿದೆ

ಪಟ್ಟಣದವರಿಗೆ ಇದ್ದಕ್ಕಿದ್ದಂತೆ ನಮ್ಮ ಅಟ್ಟದ ಮೇಲೆ ಪ್ರೀತಿ ಹುಟ್ಟಿದ್ದು ಏಕೆ? ಇಪ್ಪತ್ತು ಮೂವತ್ತು ವರ್ಷಗಳಿಂದ ನಗರದ ಮನೆಗಳಲ್ಲಿ ತುಂಬಿರುವುದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಸಾಮಾನು. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಸ್ವೀಡನ್ ಮೂಲದ ಐಕಿಯಾ ಮಳಿಗೆ ತೆರೆದಾಗ ಜನ ಸಾಲುಗಟ್ಟಿ ನಿಂತರು. ಅಗ್ಗ, ಹಗುರ, ಬಿಚ್ಚಿ ಜೋಡಿಸಬಹುದು. ಅದೇ ಊರಿನಲ್ಲಿ ಸ್ವಲ್ಪ ಹಣವುಳ್ಳವರು ಅದರಿಂದ ಬೇಸತ್ತು ಇನ್ನೊಂದು ದಿಕ್ಕಿಗೆ ಹೊರಳಿದ್ದಾರೆ. ಅವರಿಗೆ ಬೇಕಾದದ್ದು ಗಟ್ಟಿ ಮರ, ಕೈಕೆಲಸದ ಗುರುತು, ಹಿಂದೆ ಒಂದು ಕಥೆ. ಜೊತೆಗೆ ಹೊಸದಾಗಿ ಮರ ಕಡಿಸಿದ ಪಾಪ ತಮಗೆ ಬೇಡ ಎನ್ನುವ ಭಾವನೆಯೂ ಇದೆ. ಇದಕ್ಕೆ ಅವರು 'ಸುಸ್ಥಿರ' ಎಂಬ ಹೆಸರು ಕೊಟ್ಟಿದ್ದಾರೆ. ನಮ್ಮ ಅಜ್ಜಂದಿರು ಹೆಸರಿಡದೆ ಮಾಡುತ್ತಿದ್ದುದು ಇದನ್ನೇ. ಹಳೇ ಮನೆಯ ತೊಲೆ ಹೊಸ ಮನೆಯ ಬಾಗಿಲವಾಡವಾಗುತ್ತಿತ್ತು, ಬಾಗಿಲವಾಡದ ಉಳಿಕೆ ಮಣೆಯಾಗುತ್ತಿತ್ತು, ಮಣೆ ಸವೆದ ಮೇಲೆ ಒಲೆ ಸೇರುತ್ತಿತ್ತು.

1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದ ಕಾಲಕ್ಕೆ ಮುಳುಗಡೆಯ ಊರಿನಿಂದ ನಮ್ಮ ನೆಂಟರೊಬ್ಬರು ಎತ್ತಿನ ಗಾಡಿಯಲ್ಲಿ ಬಂದದ್ದು ನನಗೆ ನೆನಪಿದೆ. ಗಾಡಿಯಲ್ಲಿ ಪಾತ್ರೆಪಗಡಕ್ಕಿಂತ ಹೆಚ್ಚಾಗಿ ಇದ್ದದ್ದು ಮನೆಯ ತಲೆಬಾಗಿಲು, ವಾಡ ಹೊಸ್ತಿಲುಗಳ ಸಮೇತ. ಪರಿಹಾರದ ಭೂಮಿಯಲ್ಲಿ ಮೊದಲು ಆ ಬಾಗಿಲು ನಿಲ್ಲಿಸಿ ಆಮೇಲೆ ಸುತ್ತ ಗೋಡೆ ಎಬ್ಬಿಸಿದರು. ಆ ಬಾಗಿಲು ಇಂದಿಗೂ ಕಿರುಗುಟ್ಟದೆ ಮುಚ್ಚಿಕೊಳ್ಳುತ್ತದೆ.

ಈಗಿನ ನಗರದ ಒಳಾಂಗಣ ವಿನ್ಯಾಸಕಾರರು ಏನೇನು ಮಾಡುತ್ತಾರೆಂದು ಕೇಳಿದರೆ ಕೆಲವಕ್ಕೆ ನಗು ಬರುತ್ತದೆ. ತಲೆಬಾಗಿಲನ್ನು ಮಲಗಿಸಿ ಮೇಲೆ ಗಾಜು ಹಾಸಿ ಊಟದ ಮೇಜು ಮಾಡುತ್ತಾರೆ. ನೊಗಕ್ಕೆ ದೀಪ ತೂಗುಹಾಕುತ್ತಾರೆ. ಭತ್ತದ ಪತ್ತಾಯ ಹಾಸಿಗೆ ಹೊದಿಕೆಯ ಪೆಟ್ಟಿಗೆಯಾಗುತ್ತದೆ. ಒಂದು ಮನೆಯಲ್ಲಂತೂ ಕಣಜದ ಬಾಗಿಲು ಚಪ್ಪಲಿ ಗೂಡಿಗೆ ಹೋಗಿದ್ದನ್ನು ಕಂಡು ನನ್ನ ತಾಯಿ ಎರಡು ದಿನ ಮಾತಾಡಲಿಲ್ಲ. ಆದರೆ ಎಲ್ಲವೂ ಹಾಸ್ಯವಲ್ಲ. ಕಾವಿ ಬಣ್ಣದ ನುಣುಪು ನೆಲ ಮತ್ತೆ ಬಂದಿದೆ, ಬಲ್ಲ ಗಾರೆಯವರಿಗೆ ಒಳ್ಳೆಯ ಕೂಲಿ ಇದೆ. ಚೆಟ್ಟಿನಾಡಿನ ಆತಂಗುಡಿಯಲ್ಲಿ ಕೈಯಿಂದ ಮಾಡುವ ಬಣ್ಣದ ಬಿಲ್ಲೆಗಳಿಗೆ ದೂರದೂರುಗಳಿಂದ ಬೇಡಿಕೆ ಬರುತ್ತಿದೆ. ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆಯ ಜೊತೆಗೆ ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಹಿಡಿಕೆ, ದೀಪದ ಕಂಬ ಮುಂತಾದವನ್ನೂ ಮಾಡುತ್ತಿದ್ದಾರೆ. ಬ್ರಿಟಿಷ್ ಪ್ಲಾಂಟರುಗಳ ಉದ್ದ ಕೈಯ, ಬೆತ್ತ ಹೆಣೆದ ಆರಾಮ ಕುರ್ಚಿಗಳು ಹೊಸದಾಗಿ ತಯಾರಾಗಿ ಮಾರಾಟವಾಗುತ್ತಿವೆ. 1850ರ ದಶಕದಲ್ಲಿ ಆರ್. ಎಚ್. ಎಲಿಯಟ್ ಮೊದಲಾದವರು ಮಂಜರಾಬಾದಿಗೆ ಕಾಫಿ ಹಾಕಲು ಬಂದ ಕಾಲದಿಂದ ನಮ್ಮ ಸೀಮೆಯ ಬಂಗಲೆಗಳಿಗೂ ಅಂಥ ಕುರ್ಚಿಗೂ ನಂಟು. ಮಳೆಗಾಲದಲ್ಲಿ ಒದ್ದೆ ಬೂಟು ಕಳಚಿ ಕಾಲು ಕೈಯ ಮೇಲೆ ಚಾಚಲು ಮಾಡಿದ್ದು. ಅದರ ಕೀಲು, ಅದರ ಬಾಗು ತಿಳಿದ ಆಚಾರಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ಈ ಮಾತಿಗೆ ಮುಂದೆ ಬರುತ್ತೇನೆ.

ಹಳೇ ಮರದ ಬೆಲೆ ಎಲ್ಲಿದೆ

ಭಾವನೆಯನ್ನು ಪಕ್ಕಕ್ಕಿಟ್ಟರೂ ಹಳೇ ಮರಕ್ಕೆ ಬೆಲೆ ಬರಲು ಸಕಾರಣವಿದೆ. ಹಸಿ ಮರ ನೀರು ಕಳೆದುಕೊಳ್ಳುವಾಗ ಕುಗ್ಗುತ್ತದೆ, ಬಾಗುತ್ತದೆ, ಸೀಳುತ್ತದೆ. ಅದರ ಆಟವೆಲ್ಲ ನಮ್ಮ ಮನೆಗಳ ತೊಲೆ ಕಂಬಗಳಲ್ಲಿ ಎಂಬತ್ತು ನೂರು ವರ್ಷಗಳ ಹಿಂದೆಯೇ ಮುಗಿದಿದೆ. ಮೇಲಾಗಿ ಅಡಿಗೆಮನೆಯ ಹೊಗೆ ಅಟ್ಟಕ್ಕೇರಿ ಹುಳು ಹತ್ತದಂತೆ ಕಾದಿದೆ. ಅಷ್ಟು ದಪ್ಪದ, ಗಂಟಿಲ್ಲದ, ಹಳೇ ಕಾಡಿನ ನಾಟ ಈಗ ಯಾವ ಡಿಪೋದಲ್ಲೂ ಸುಲಭವಾಗಿ ಸಿಗದು. ಒಂದು ಎಚ್ಚರಿಕೆ: ನಮ್ಮ ಮಲೆನಾಡಿನ ತೇವದ ಗಾಳಿಯಲ್ಲಿ ಇದ್ದ ಮರವನ್ನು ಒಮ್ಮೆಗೇ ಬೆಂಗಳೂರಿನ ಒಣ ಹವೆಗೆ, ಅದರಲ್ಲೂ ಹವಾನಿಯಂತ್ರಿತ ಕೋಣೆಗೆ ಒಯ್ದರೆ ಹಳೇ ಮರವೂ ಬಾಯಿಬಿಡುತ್ತದೆ. ಬಲ್ಲ ಬಡಗಿ ಅದನ್ನು ಕೆಲವು ತಿಂಗಳು ಒಣ ನೆರಳಿನಲ್ಲಿ ಇಟ್ಟೇ ಉಳಿ ಮುಟ್ಟುತ್ತಾನೆ.

ಮರ ಯಾವುದೆಂದು ಗುರುತಿಸಲು ಮಾಸಿದ ಮೇಲ್ಮೈ ನೋಡಿದರೆ ಸಾಲದು. ಕಾಣದ ಮೂಲೆಯಲ್ಲಿ ಬೆರಳಗಲ ಕೀಸಿ ನೋಡಬೇಕು. ಬೀಟೆಯಾದರೆ ನೇರಳೆ ಕಪ್ಪಿನ ಗೆರೆ, ಕೀಸುವಾಗ ತುಸು ಸಿಹಿ ವಾಸನೆ, ಕೈಗೆ ಭಾರ. ಸಾಗುವಾನಿ ಮುಟ್ಟಿದರೆ ಎಣ್ಣೆ ಜಿಡ್ಡು, ಹದ ಮಾಡಿದ ಚರ್ಮದ ವಾಸನೆ. ಹಲಸು ಮೇಲೆ ಕಂದಾದರೂ ಒಳಗೆ ಅರಿಶಿನ. ಮತ್ತಿ ಕಡುಕಂದು, ಭಾರ, ತೊಲೆಗೆ ಹೆಚ್ಚು. ನಂದಿ ಜಂತೆಗೆ, ಹಲಗೆಗೆ. ಹೊನ್ನೆಯ ಪರೀಕ್ಷೆ ಎಲ್ಲಕ್ಕಿಂತ ಸುಲಭ: ನಾಲ್ಕು ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಸಿಲಿಗೆ ಹಿಡಿಯಿರಿ, ನೀರಿನಲ್ಲಿ ನೀಲಿ ಛಾಯೆ ಮಿನುಗುತ್ತದೆ. ಸಕ್ಕರೆ ಕಾಯಿಲೆಯವರು ನೀರು ಕುಡಿಯಲು ಕೊಳ್ಳುವ ಮರದ ಲೋಟ ಈ ಮರದ್ದೇ. 2009ರಲ್ಲಿ ನಾನು ಒಂದು ಲೋಟ ನೀರು ಖರ್ಚು ಮಾಡಿದ್ದರೆ ಸಾಕಿತ್ತು.

ಇನ್ನು ಅಳತೆ. ಚೌಕ ಮಾಡಿದ ಮರವನ್ನು ಅಳೆಯುವುದು ಕಷ್ಟವಲ್ಲ. ಅಗಲ, ದಪ್ಪ, ಉದ್ದ ಮೂರನ್ನೂ ಅಡಿಗೆ ತಂದು ಗುಣಿಸಿದರೆ ಘನ ಅಡಿ. ನಮ್ಮ ಕಂಬ 9 ಅಂಗುಲ ಚೌಕ, 8 ಅಡಿ ಉದ್ದ. ಮುಕ್ಕಾಲು ಅಡಿಯನ್ನು ಮುಕ್ಕಾಲು ಅಡಿಯಿಂದ ಗುಣಿಸಿ ಎಂಟರಿಂದ ಗುಣಿಸಿದರೆ 4.5 ಘನ ಅಡಿ. ಹದಿನಾಲ್ಕಕ್ಕೆ 63 ಘನ ಅಡಿ. ನಡುವೆ ಕಡೆದು ತೆಗೆದದ್ದನ್ನು ಕಳೆದರೂ ನಲವತ್ತಕ್ಕೆ ಕಡಿಮೆಯಾಗದು. ನಾನು ಕೆತ್ತನೆಯ ಬೆಲೆ ಕೇಳಲಿಲ್ಲ, ಮರದ ಬೆಲೆಯನ್ನೂ ಪಡೆಯಲಿಲ್ಲ.

ದುಂಡು ನಾಟಕ್ಕೆ ವ್ಯಾಪಾರದಲ್ಲಿ ಬೇರೆ ಲೆಕ್ಕವಿದೆ. ಸಿಲ್ವರ್ ಓಕ್ ಕೊಡುವಾಗಲೂ ಅದೇ ಲೆಕ್ಕ, ಆದ್ದರಿಂದ ಎಲ್ಲರೂ ಗಮನಿಸಬೇಕು. ಮರದ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 48 ಅಂಗುಲ, ಉದ್ದ 10 ಅಡಿ ಎಂದಿಟ್ಟುಕೊಳ್ಳಿ. ನಾಲ್ಕನೇ ಒಂದು 12 ಅಂಗುಲ, ಅಂದರೆ ಒಂದು ಅಡಿ. ಲೆಕ್ಕಕ್ಕೆ ಬರುವುದು 10 ಘನ ಅಡಿ. ಆದರೆ ಆ ದುಂಡು ಮರದಲ್ಲಿ ನಿಜವಾಗಿ ಇರುವುದು ಸುಮಾರು ಹನ್ನೆರಡೂ ಮುಕ್ಕಾಲು ಘನ ಅಡಿ. ಐದರಲ್ಲಿ ಒಂದು ಪಾಲಿಗೂ ಹೆಚ್ಚು ಲೆಕ್ಕದ ಹೊರಗೆ ಉಳಿಯಿತು. ಇದು ಮೋಸವಲ್ಲ, ಕೊಯ್ಯುವಾಗ ಹೊರಮೈ ನಷ್ಟವಾಗುತ್ತದೆಂದು ಬ್ರಿಟಿಷರ ಕಾಲದಿಂದ ನಡೆದುಬಂದ ಪದ್ಧತಿ. ದರ ಮಾತನಾಡುವಾಗ ಈ ನಷ್ಟ ಅಳತೆಯಲ್ಲೇ ಸೇರಿದೆಯೆಂಬುದು ನೆನಪಿರಲಿ. "ತೊಗಟೆಗೆ ಇಷ್ಟು, ಕೊಯ್ತಕ್ಕೆ ಇಷ್ಟು" ಎಂದು ಮತ್ತೆ ಕಳೆಯಲು ಬಂದರೆ ಒಪ್ಪಬೇಡಿ. ಹಾಗೆಯೇ ಟೇಪನ್ನು ನಡುವೆ ಹಿಡಿಯದೆ ತುದಿಯ ಕಡೆಗೆ ಜಾರಿಸುವವರಿದ್ದಾರೆ. 48 ಅಂಗುಲದ ಮರವನ್ನು 47 ಎಂದು ಬರೆದರೆ ನೂರಕ್ಕೆ ನಾಲ್ಕು ಪಾಲು ಹೋಯಿತು. ಸರಕಾರಿ ಕಾಗದಗಳಲ್ಲಿ ಘನ ಮೀಟರ್ ಇರುತ್ತದೆ, ಒಂದು ಘನ ಮೀಟರ್ ಎಂದರೆ 35.3 ಘನ ಅಡಿ.

ಹೆಂಚಿನ ಬಗ್ಗೆಯೂ ಒಂದು ಮಾತು. ಹಳೇ ಮಂಗಳೂರು ಹೆಂಚಿಗೂ ಈಗ ಗಿರಾಕಿಗಳಿದ್ದಾರೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಹೆಂಚಿನ ಮೇಲೆ ಆ ಇಸವಿ ಅಚ್ಚಾಗಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ನಿಮ್ಮ ಹೆಂಚು ಸುಟ್ಟ ವರ್ಷವಲ್ಲ. ನಮ್ಮ ಕಡೆಯ ಒಬ್ಬ ಹೋಂಸ್ಟೇ ಮಾಲೀಕರು ತಮ್ಮ ಮಾಡು 1865ರದೆಂದು ಅತಿಥಿಗಳಿಗೆ ಹೇಳುತ್ತಾರೆ. ನನಗೆ ತಿಳಿದಂತೆ ಅವರ ತಂದೆ ಅದನ್ನು ಕಟ್ಟಿಸಿದರು. ಸ್ನೇಹಿತರಾದ್ದರಿಂದ ಸುಮ್ಮನಿದ್ದೇನೆ.

ಬಿಚ್ಚಿದ ಮನೆಗಳು ಎಲ್ಲಿಗೆ ಹೋಗುತ್ತವೆ

ಕಾರೈಕುಡಿಯ ಹಳೇ ಸಾಮಾನಿನ ಬೀದಿ ಮತ್ತು ಕೊಚ್ಚಿಯ ಮಟ್ಟಾಂಚೇರಿ, ಇವೆರಡು ದಕ್ಷಿಣದಲ್ಲಿ ಈ ವ್ಯಾಪಾರದ ಹೆಸರಾಂತ ಸ್ಥಳಗಳು. ಚೆಟ್ಟಿನಾಡಿನಲ್ಲಿ ಬರ್ಮಾ ಸಾಗುವಾನಿಯ ಕಂಬಗಳಿದ್ದ ಮಹಲುಗಳನ್ನು ವಾರಸುದಾರರು ಒಪ್ಪಂದಕ್ಕೆ ಬರಲಾಗದೆ ಬಿಚ್ಚಿ ಮಾರಿದರು. ಈಗ ಅಲ್ಲಿ ಉಳಿದವರು ಉಳಿದ ಮನೆಗಳನ್ನು ವಸತಿಗೃಹ ಮಾಡಿ ನೋಡಲು ಬರುವವರಿಂದ ಹಣ ಪಡೆಯುತ್ತಿದ್ದಾರೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಮಣಿಪಾಲದ ವಿಜಯನಾಥ ಶೆಣೈ ಎಂಬವರು ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡೇ, ಕೆಡವುತ್ತಿದ್ದ ಮನೆಗಳ ಬಾಗಿಲು ಕಂಬಗಳು ಸೌದೆಗೆ, ಗುಜರಿಗೆ ಹೋಗುವುದನ್ನು ಕಂಡು ಸಂಗ್ರಹಿಸತೊಡಗಿದರು. ಮೊದಲು ಆ ಬಿಡಿಭಾಗಗಳಿಂದ ತಮ್ಮ ಮನೆಯನ್ನೇ ಕಟ್ಟಿಕೊಂಡರು. ಆಮೇಲೆ ಬಿಡಿಭಾಗ ಸಾಲದೆಂದು ಇಡೀ ಮನೆಗಳನ್ನೇ ತಂದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಹರ್ಕೂರಿನ ಮನೆ, ಮುಧೋಳದ ಅರಮನೆಯ ದರ್ಬಾರು ಹಾಲು, ಹೀಗೆ ಒಂದೊಂದನ್ನೂ ಬಿಚ್ಚಿ, ಸಾಗಿಸಿ, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಹಸ್ತಶಿಲ್ಪ ಟ್ರಸ್ಟಿನ ಆ ಪಾರಂಪರಿಕ ಗ್ರಾಮವನ್ನು ಈಗ ಟಿಕೆಟ್ ಕೊಟ್ಟು ನೋಡಬಹುದು. ಶೆಣೈ 2017ರಲ್ಲಿ ತೀರಿಕೊಂಡರು. ಅಲ್ಲಿಗೆ ಹೋದ ನಮ್ಮವರು, "ಇದರಲ್ಲೇನು, ನಮ್ಮಜ್ಜನ ಮನೆಯೂ ಹೀಗೇ ಇತ್ತು" ಎನ್ನುತ್ತಾರೆ. ನಿಜ. ಆದರೆ ಈಗ ಇಲ್ಲವಲ್ಲ.

ಇಡೀ ಮನೆಯನ್ನು ಸಾಗಿಸುವ ಶಕ್ತಿ ನಮಗಿಲ್ಲ. ಬಿಚ್ಚಲೇಬೇಕಾದರೆ ಶೆಣೈ ಅವರ ಕೆಲಸದಿಂದ ಎರಡು ಪಾಠ ತೆಗೆದುಕೊಳ್ಳಬಹುದು. ಹಾರೆ ಹಾಕಿ ಕೀಳಬೇಡಿ, ಗೂಟ ತಟ್ಟಿ ಬಿಚ್ಚಿಸಿ. ನಮ್ಮ ಹಳೇ ಮನೆಗಳಲ್ಲಿ ಮೊಳೆ ಕಡಿಮೆ, ಕೂಡು ಗೂಟಗಳೇ ಹೆಚ್ಚು, ಹಾಕಿದ ಕ್ರಮದ ಹಿಂದುಮುಂದಾಗಿ ಬಿಚ್ಚಿದರೆ ತುಂಡಾಗದೆ ಬರುತ್ತವೆ. ಮತ್ತು ಬಿಚ್ಚುವ ಮೊದಲೇ ಒಂದೊಂದಕ್ಕೂ ಸುಣ್ಣದಲ್ಲಿ ನಂಬರು ಹಾಕಿ ಫೋಟೋ ತೆಗೆದಿಡಿ. ಜೋಡಿಸಲು ಬರುವ ಹದಿನಾಲ್ಕು ಕಂಬ ಬೋದಿಗೆಗಳ ಒಂದು ತೊಟ್ಟಿಗೆ ಸಿಗುವ ಬೆಲೆ, ಬಿಡಿ ಹದಿನಾಲ್ಕು ಕಂಬಕ್ಕೆ ಎಂದೂ ಸಿಗುವುದಿಲ್ಲ.

ಕಾನೂನು

ಇಲ್ಲಿ ಸದಸ್ಯರು ಹೆಚ್ಚಿನ ಜಾಗ್ರತೆ ವಹಿಸತಕ್ಕದ್ದು. 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಕುಶಲವಸ್ತು ಮಾತ್ರವಲ್ಲ, ಕಟ್ಟಡದಿಂದ ಬಿಚ್ಚಿದ ವಸ್ತುವೂ 'ಪುರಾವಸ್ತು'ವಿನ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮನೆ ನೂರು ವರ್ಷದ್ದಾಗಿದ್ದರೆ ಟೆಂಪೋದವನ ಬಳಿ ಮೊದಲು ಲೈಸೆನ್ಸ್ ಕೇಳಿ. ಆ ಒಂದು ಪ್ರಶ್ನೆಗೇ ಕೆಲವರು ನೀರು ಕುಡಿಯದೆ ಎದ್ದುಹೋಗುತ್ತಾರೆ. ಊರದೇವರ ಗುಡಿಗೆ, ಪೂಜೆಗೆ ಸಂಬಂಧಪಟ್ಟ ಯಾವ ಮರದ ವಸ್ತುವನ್ನೂ, ನಿಮ್ಮ ಅಟ್ಟದಲ್ಲೇ ಇದ್ದರೂ, ಮಾರಾಟದ ಮಾತೇ ಬೇಡ.

ಬೀಟೆಯದು ಇನ್ನೂ ಸೂಕ್ಷ್ಮ. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪರವಾನಗಿ ಎರಡೂ ಬೇಕು. 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳೂ ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಬಂದಿವೆ. 2022ರಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ ಸಣ್ಣ ಕರಕುಶಲ ವಸ್ತುಗಳ ವಿಷಯದಲ್ಲಿ ಭಾರತಕ್ಕೆ ಸ್ವಲ್ಪ ಸಡಿಲಿಕೆ ಸಿಕ್ಕಿತು, ನಾಟಕ್ಕಲ್ಲ. ಹಳೇ ಮನೆಯ ಬೀಟೆ ತೊಲೆಯನ್ನು ನಿಮ್ಮದೇ ಹೊಸ ಮನೆಗೆ ಒಯ್ಯುವುದಿದ್ದರೂ, ಬಿಚ್ಚುವ ಮೊದಲ ಫೋಟೋ, ಮನೆಯ ಕಂದಾಯದ ದಾಖಲೆ, ಪಂಚಾಯಿತಿಯ ಪತ್ರ ಇವುಗಳೊಂದಿಗೆ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ, ಲಿಖಿತವಾಗಿ ಪಡೆದು ಗಾಡಿ ಹತ್ತಿಸಿ. ತಪಾಸಣಾ ಠಾಣೆಯಲ್ಲಿ "ನಮ್ಮಜ್ಜನ ಕಾಲದ್ದು ಸ್ವಾಮಿ" ಎಂಬ ಬಾಯಿಮಾತು ನಡೆಯುವುದಿಲ್ಲ.

ತೋಟದಿಂದಲೇ

ಅಟ್ಟದ ಮರ ಒಮ್ಮೆ ಮಾರಿದರೆ ಮುಗಿಯಿತು. ವರ್ಷವರ್ಷ ಬರುವಂಥದು ತೋಟದಲ್ಲಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಸಾಲಿಗೆ ಸಿಲ್ವರ್ ಓಕ್ ಸೇರಿದೆ. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು ನಾವು ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಕೊಡುವುದೇ ಹೆಚ್ಚು. ಆದರೆ ಸರಿಯಾದ ಕೋನದಲ್ಲಿ ಕೊಯ್ದರೆ ಇದರ ಹಲಗೆಯಲ್ಲಿ ಕಸೂತಿಯಂಥ ಮಿನುಗುವ ಚಿತ್ತಾರ ಬರುತ್ತದೆ. ನಗರದ ವಿನ್ಯಾಸಕಾರರು ಬಯಸುವುದು ಅದನ್ನೇ. ದೋಷವೆಂದರೆ ಹುಳು ಬೇಗ ಹಿಡಿಯುತ್ತದೆ, ಒಣಗುವಾಗ ತಿರುಚುತ್ತದೆ. ಕೊಯ್ದ ಹಲಗೆಯನ್ನು ಹಸಿಯಿರುವಾಗಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ, ನಡುನಡುವೆ ರೀಪು ಕೊಟ್ಟು ಅಟ್ಟಿಯೊಡ್ಡಿ, ಮೇಲೆ ಭಾರ ಹೇರಿ ನೆರಳಿನಲ್ಲಿ ಒಣಗಿಸಬೇಕು. ಮಳೆನೀರು ಬಿದ್ದರೆ ಆ ಔಷಧ ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ. ಪ್ರಮಾಣ ಮತ್ತು ಅವಧಿಯನ್ನು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕೇಳಿ ತಿಳಿಯಬಹುದು. ಮರಗೆಲಸದ ತರಬೇತಿಯನ್ನೂ ಅಲ್ಲಿ ಕೊಡುತ್ತಾರೆ. ಮರ ಕಡಿಯುವುದೆಂದರೆ ನೆರಳು ಬೋಳಿಸುವುದಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಹಲಗೆಯ ಆಸೆಗೆ ಕಡಿದವರ ಲೆಕ್ಕ ನಾನು ನೋಡಿದ್ದೇನೆ.

ಕಾಫಿ ಬೇರಿನ ಟೀಪಾಯಿಗಳನ್ನು ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿಗಳ ಅಂಗಡಿಗಳಲ್ಲಿ ನೀವೆಲ್ಲ ನೋಡಿದ್ದೀರಿ. ಮುದಿಗಿಡ ಕಿತ್ತಾಗ ಬುಡವನ್ನು ಬೇರುಸಹಿತ ತೊಳೆದು, ತೊಗಟೆ ಸುಲಿದು, ಮಗುಚಿ ನಿಲ್ಲಿಸಿ ಮೇಲೆ ಗಾಜಿಟ್ಟರೆ ಮುಗಿಯಿತು. ಕಾಫಿ ಮರ ಗಟ್ಟಿ, ನಯ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ. ಇದಕ್ಕೆ ರೊಬಸ್ಟಾ ಬುಡ ಉತ್ತಮ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹಿಡಿದು ಕಿತ್ತ ಗಿಡಗಳನ್ನು ಮಾತ್ರ ಟೀಪಾಯಿ ಆಸೆಗೆ ಮನೆ ಹಿಂದೆ ರಾಶಿ ಹಾಕಬೇಡಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಹಾರಾಟದ ಕಾಲದಲ್ಲಿ ಆ ರಾಶಿಯಿಂದಲೇ ದುಂಬಿ ಎದ್ದು ನಿಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ಹೋಗುತ್ತದೆ. ಸುಡುವುದೇ ಸರಿ. ಇಟ್ಟುಕೊಳ್ಳಲೇಬೇಕಾದರೆ ವಾರ ಹತ್ತು ದಿನ ಕೆರೆಯಲ್ಲಿ ಪೂರ್ತಿ ಮುಳುಗಿಸಿ ತೆಗೆಯಿರಿ.

ಅಡಿಕೆ ಮರ ಒಳಗೆ ಬೆಂಡು, ಹೊರಗೆ ಕಬ್ಬಿಣ. ಮುದಿಮರದ ದಬ್ಬೆಯನ್ನು ಹತ್ತರಿ ಹಾಕಿ ನಯ ಮಾಡಿದರೆ ಕಪ್ಪು ಎಳೆಗಳ ಚೆಂದವೇ ಬೇರೆ. ಬೆಂಚಿನ ಪಟ್ಟಿ, ಕಪಾಟಿನ ಬಾಗಿಲು, ಮರೆಗೋಡೆ ಎಲ್ಲಕ್ಕೂ ಆಗುತ್ತದೆ. ಹರಿಯುವ ಹಳ್ಳದಲ್ಲಿ ಕೆಲವು ವಾರ ನೆನೆಹಾಕಿ ಸತ್ವ ಬಿಡಿಸಿದರೆ ಕುಟ್ಟೆ ಹಿಡಿಯುವುದು ಕಡಿಮೆ. ಹಿರಿಯರು ಬಿದಿರಿಗೂ ಹೀಗೇ ಮಾಡುತ್ತಿದ್ದರು.

ಬೇಲಿಯ ಲಂಟಾನವನ್ನೂ ಮರೆಯಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನಿಂದ 2004ರಿಂದ ಲಂಟಾನದ ಕುರ್ಚಿ, ಸೋಫಾ ಮಾಡುತ್ತಿದ್ದಾರೆ. ಕಡ್ಡಿಯನ್ನು ಕುದಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಾಗಿಸಿ ಕಟ್ಟುತ್ತಾರೆ. ಅದಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ನೀಲಗಿರಿ ಕಡೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಲ್ಲಿ ಹೆಣೆದ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತ್ತು. ಆನೆಯ ಹೆಸರೆತ್ತಿದರೆ ನಮ್ಮ ಆಲೂರು ಸಕಲೇಶಪುರದಲ್ಲಿ ಯಾರಿಗೂ ನಗು ಬರುವುದಿಲ್ಲ, ಆದರೂ ತೋಟಕ್ಕೆ ಬಾರದ ಆನೆಗಳೆಂದು ಅವನ್ನು ಮೆಚ್ಚಬಹುದು.

ಇಷ್ಟಕ್ಕೂ ಕೆಲಸಗಾರರು ಬೇಕು. ಉದ್ದ ಕೈಯ ಆರಾಮ ಕುರ್ಚಿಯ ಮಾತು ಆಗಲೇ ಎತ್ತಿದ್ದೆ. ನಮ್ಮ ಸಂಘದ ವ್ಯಾಪ್ತಿಯಲ್ಲಿ ಅದನ್ನು ಅಳತೆಪಟ್ಟಿ ನೋಡದೆ ಮಾಡಬಲ್ಲ ಆಚಾರಿಗಳು ನನ್ನ ಎಣಿಕೆಗೆ ಸಿಕ್ಕವರು ಇಬ್ಬರು, ಇಬ್ಬರೂ ಅರವತ್ತು ದಾಟಿದವರು. ಒಬ್ಬರ ಮಗ ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವರನ್ನು ನಾವು ಕರೆಯುವು‌ದು ಮಂಚದ ಕಾಲು ಮುರಿದಾಗ ಮಾತ್ರ. ಬೆಂಗಳೂರಿನ ಅಂಗಡಿಯಲ್ಲಿ ನನ್ನ ಕಂಬಕ್ಕೆ ಬಿದ್ದ 38 ಸಾವಿರದಲ್ಲಿ ಮರದ ಬೆಲೆ ಎಷ್ಟು, ಆಚಾರಿಯ ಕೈಯ ಬೆಲೆ ಎಷ್ಟು ಎಂದು ನಾನು ಆಗಾಗ ಲೆಕ್ಕ ಹಾಕುತ್ತೇನೆ. ಕಡೆದ ಆಚಾರಿಗೆ ಅಂದು ನಮ್ಮಜ್ಜ ಕೊಟ್ಟಿದ್ದು ಕೂಲಿಯ ಜೊತೆಗೆ ಎರಡು ಪಲ್ಲ ಭತ್ತ ಎಂದು ತಾಯಿ ಹೇಳುತ್ತಿದ್ದರು.

ಆದ್ದರಿಂದ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಕೆಳಗಿನ ಏರ್ಪಾಡು ಮಾಡಲಾಗಿದೆ. ಹಳೇ ಮನೆ ಬಿಚ್ಚುವ ಅಥವಾ ಮರಮುಟ್ಟು ಮಾರುವ ಯೋಚನೆಯುಳ್ಳ ಸದಸ್ಯರು ಮುಂಗಡ ಪಡೆಯುವ ಮೊದಲು ಸಂಘಕ್ಕೆ ತಿಳಿಸಿದರೆ, ನಾನು ಮತ್ತು ಮೇಲೆ ಹೇಳಿದ ಆಚಾರಿಗಳಲ್ಲಿ ಒಬ್ಬರು ಮನೆಗೇ ಬಂದು ಮರದ ಜಾತಿ ಗುರುತಿಸಿ, ಅಳೆದು, ಪಟ್ಟಿ ಬರೆದುಕೊಡುತ್ತೇವೆ. ಶುಲ್ಕವಿಲ್ಲ, ಆಚಾರಿಯ ಒಂದು ದಿನದ ಕೂಲಿ ಮಾತ್ರ ಸದಸ್ಯರದು. ಒಂದೇ ಊರಿನ ಎರಡು ಮೂರು ಮನೆಯವರು ಒಟ್ಟಾಗಿ ಬಂದರೆ ಕೂಲಿಯೂ ಹಂಚಿಹೋಗುತ್ತದೆ. ಕಾಫಿ ಬುಡ ಮತ್ತು ಅಡಿಕೆ ದಬ್ಬೆಯಿಂದ ಮಾಡಿದ ಒಂದು ಟೀಪಾಯಿ, ಒಂದು ಬೆಂಚು ಸಂಘದ ಕಚೇರಿಯ ವರಾಂಡದಲ್ಲಿ ಇಡಲಾಗಿದೆ, ಗೊಬ್ಬರಕ್ಕೆ ಬಂದವರು ಕುಳಿತು ನೋಡಬಹುದು. ಮಳೆ ಹಿಡಿದ ಮೇಲೆ ಮಾಡು ಬಿಚ್ಚುವಂತಿಲ್ಲವಾದ್ದರಿಂದ ಮೇ ತಿಂಗಳ ಒಳಗೆ ಹೆಸರು ಕೊಡುವುದು. ಬರುವಾಗ ಮನೆಯ ಕಂದಾಯ ರಸೀದಿ ತರುವುದು.